ಬಿಲ್ಲಿಲ್ಲದ ರೊಟ್ಟಿ

ಶಹಾಪುರದ ಲಾಡ್ಜಿನಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗಲೇ ಫೋನು ಕುಂಯ್ ಎಂದಿತು. ಬೆಂಗಳೂರಿನ ಮುಖ್ಯ ಕಚೇರಿಯಿಂದ ಬಂದ ಹಿತವಚನ. ಪದೇ ಪದೇ ಊರೂರು ತಿರುಗುವ ನೌಕರರು ಹಣ ಉಳಿಸುವುದು ಹೇಗೆ, ಹೊರಗೆ ಉಣ್ಣುವಾಗ ಏನು ಉಣ್ಣಬೇಕು, ಏನು ಬಿಡಬೇಕು ಎಂದು ತಿಳಿಸುವ ಬಣ್ಣಬಣ್ಣದ ಹಾಳೆ. ಮೊದಲ ಸಲಹೆ, ವಿಮಾನ ನಿಲ್ದಾಣದಲ್ಲಿ ಕಾಫಿ ಕೊಳ್ಳಬೇಡಿ. ಎರಡನೆಯದು, ಹೋಟೆಲ್ ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿಟ್ಟ ಬಾದಾಮಿ, ಚಾಕೊಲೇಟು ಮುಟ್ಟಬೇಡಿ. ಮೂರನೆಯದು, ಬೆಳಗಿನ ಉಚಿತ ಬಫೆಯಲ್ಲಿ ಹೊಟ್ಟೆ ತುಂಬಿಸಿಕೊಂಡು ಮಧ್ಯಾಹ್ನ ಸಲಾಡ್‌ನಲ್ಲಿ ಮುಗಿಸಿ.

ಬಾಯಲ್ಲಿದ್ದ ನೊರೆ ಉಗುಳಿ ಕೋಣೆಯನ್ನೊಮ್ಮೆ ನೋಡಿದೆ. ಫ್ರಿಜ್ಜಿನ ಜಾಗದಲ್ಲಿ ಸ್ಟೂಲು, ಅದರ ಮೇಲೆ ನೀರಿನ ಜಗ್ಗು, ಜಗ್ಗಿನ ಬಾಯಿಗೆ ಸ್ಟೀಲ್ ಲೋಟ ಬೋರಲು. ಇದರಲ್ಲಿ ಮುಟ್ಟಬಾರದ್ದು ಯಾವುದು? ಇನ್ನು ವಿಮಾನ ನಿಲ್ದಾಣ. ನಮಗೆ ಹತ್ತಿರದ್ದು ಕಲಬುರಗಿಯದು. 2019ರ ನವೆಂಬರ್ 22ರಂದು ಅದು ಶುರುವಾದಾಗ ನಮ್ಮ ಡೀಲರುಗಳೆಲ್ಲ ಖುಷಿಪಟ್ಟರು, ನಾನೂ ಪಟ್ಟೆ. ಅಲ್ಲಿ ಕಾಫಿಯ ರೇಟು ಎಷ್ಟೆಂದು ಕೇಳುವ ಪ್ರಸಂಗ ಮಾತ್ರ ಇನ್ನೂ ಬಂದಿಲ್ಲ. ಬೀಜದ ಕಂಪನಿಯ ತಿರುಗಾಟದ ಕೆಲಸ ನನ್ನದು. ಯಾದಗಿರಿ, ಶಹಾಪುರ, ಸುರಪುರ ಮೂರೂ ನನ್ನ ಪಾಲಿನವು. ಹತ್ತಿ ಬಿತ್ತುವ ಹೊತ್ತಿಗೆ ಅಂಗಡಿ ಅಂಗಡಿ ಅಲೆಯುವುದು, ಬೆಳೆ ಬಂದ ಮೇಲೆ ಅದೇ ಅಂಗಡಿಗಳಿಗೆ ಬಾಕಿ ಕೇಳುತ್ತ ಅಲೆಯುವುದು. ಇದರ ನಡುವೆ ಸಲಾಡು!

ಸಲಹೆಗಳೆಲ್ಲ ಸುಳ್ಳು ಎನ್ನಲಾರೆ. ನೀರಿನ ಬಾಟಲಿ ಜೊತೆಗಿರಲಿ, ಗಿರಾಕಿ ಹೆಚ್ಚಿದ್ದಲ್ಲಿ ಉಣ್ಣಿ, ಹಿಂದಿನ ದಿನದ್ದನ್ನು ಮುಟ್ಟಬೇಡಿ. ಇದನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದಳು, ಬಣ್ಣದ ಹಾಳೆಯ ಖರ್ಚಿಲ್ಲದೆ. ರಾತ್ರಿ ರೈಲು ಹತ್ತಿದರೆ ಲಾಡ್ಜಿನ ಒಂದು ರಾತ್ರಿ ಉಳಿಯುತ್ತದೆ ಎಂಬ ಗುಟ್ಟೂ ಯಾರಿಗೂ ಹೊಸದಲ್ಲ. ಬೆಂಗಳೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ನಸುಕಿಗೆ ಯಾದಗಿರಿ. ಅಲ್ಲಿಗೆ ರೈಲಿನ ಸುಖ ಮುಗಿಯಿತು. ಶಹಾಪುರಕ್ಕಾಗಲಿ ಸುರಪುರಕ್ಕಾಗಲಿ ಹಳಿ ಇಲ್ಲ, ಮುಂದೆ ಬಸ್ಸೇ ಗತಿ. ಬಸ್ಸಿನಲ್ಲಿ ಉಳಿತಾಯ ಮಾಡುವ ಭಾಗ್ಯ 2023ರ ಜೂನ್ 11ರಿಂದ ಹೆಣ್ಣುಮಕ್ಕಳದು. ನಮ್ಮ ಸಹೋದ್ಯೋಗಿ ಒಬ್ಬರು ಶಕ್ತಿ ಯೋಜನೆಯ ಶೂನ್ಯ ಟಿಕೆಟನ್ನು ಪ್ರಾಮಾಣಿಕವಾಗಿ ಖರ್ಚಿನ ಪಟ್ಟಿಗೆ ಪಿನ್ನು ಮಾಡಿ ಕಳಿಸಿದರು. ‘ಮೊತ್ತ ನಮೂದಿಸಿಲ್ಲ, ಸರಿಪಡಿಸಿ ಮತ್ತೆ ಸಲ್ಲಿಸಿ’ ಎಂದು ವಾಪಸು ಬಂತು. ಆಕೆ ಸೊನ್ನೆಯ ಮುಂದೆ ‘ಮಾತ್ರ’ ಎಂದು ಬರೆದು ಸಲ್ಲಿಸಿದರು. ಮಂಜೂರಾಯಿತು.

ಈಗ ಊಟಕ್ಕೆ ಬರೋಣ. ಊಟದ ವಿಷಯದಲ್ಲಿ ನಾನು ಯಾರ ಸಲಹೆಯನ್ನೂ ಕೇಳುವವನಲ್ಲ, ಕೊಡುವವನು.

ಗೊತ್ತಿಲ್ಲದ ಊರಿನಲ್ಲಿ ಒಳ್ಳೆಯ ಖಾನಾವಳಿ ಹುಡುಕಲು ಫಲಕ ಓದಬೇಕಿಲ್ಲ, ಫೋನಿನಲ್ಲಿ ನಕ್ಷತ್ರ ಎಣಿಸಬೇಕಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಓಣಿಯಲ್ಲಿ ನಿಂತು ಕಿವಿಗೊಡಬೇಕು. ಒಳಗಿನಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಬಂದರೆ ಚಪ್ಪಲಿ ಬಿಟ್ಟು ಒಳಗೆ ನಡೆಯಿರಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿವ ನೀರು ಹಾಕಿ ನಾದಬೇಕು, ಅಂಗೈಯಲ್ಲಿ ಬಡಿದು ತಿರುಗಿಸಬೇಕು, ಹೆಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಈ ಕೆಲಸಕ್ಕೆ ಅಡ್ಡದಾರಿ ಇಲ್ಲದ್ದರಿಂದ ಸದ್ದು ಸುಳ್ಳು ಹೇಳುವುದಿಲ್ಲ. ಜೊತೆಗೆ ಪುಂಡಿಪಲ್ಯ. ಪುಂಡಿಯ ಹುಳಿಗೆ ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಕೂಡಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದಿರಬೇಕು. ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಒಡೆದ ಉಳ್ಳಾಗಡ್ಡಿ. ಬೇಳೆಯ ಮಾತಂತೂ ಎತ್ತುವುದೇ ಬೇಡ. ನೆರೆಯ ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ, ನಮ್ಮ ನಾಲಿಗೆ ಅದನ್ನು ಮೊದಲೇ ಕೊಟ್ಟಿತ್ತು.

ಬಿಸಿ ರೊಟ್ಟಿ ಹೊಟ್ಟೆಗೆ, ಕಟಕ ರೊಟ್ಟಿ ಚೀಲಕ್ಕೆ. ತಿರುಗಾಡುವವನ ನಿಜವಾದ ಉಳಿತಾಯ ಖಾತೆ ಎಂದರೆ ಈ ಎರಡನೆಯದು ಎಂದು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಕಟ್ಟಿದ ಅನ್ನ ಮಧ್ಯಾಹ್ನಕ್ಕೆ ಹುಳಿ. ಚಪಾತಿ ಬೆವರುತ್ತದೆ. ಬ್ರೆಡ್ಡಿನ ಪಾಡು ಕೇಳಬೇಡಿ. ಕಟಕ ರೊಟ್ಟಿಯಲ್ಲಿ ಕೆಡಲು ಬೇಕಾದ ನೀರೇ ಇಲ್ಲ. ಬಟ್ಟೆಯಲ್ಲಿ ಕಟ್ಟಿಟ್ಟರೆ ಬೀಜದ ಕಂಪನಿಯ ಗುರಿ ಬದಲಾಗುವವರೆಗೂ ಇರುತ್ತದೆ, ಅಂದರೆ ಸುಮಾರು ಒಂದು ತಿಂಗಳು. ಮುರಿದು ಮೊಸರಿಗೆ ಹಾಕಿದರೆ ಊಟ, ಹಿಂಡಿ ಉದುರಿಸಿ ಎಣ್ಣೆ ಬಿಟ್ಟರೆ ಇನ್ನೊಂದು ಊಟ, ಬಸ್ಸು ಕೆಟ್ಟು ದೋರನಹಳ್ಳಿಯ ಆಚೆ ಬಯಲಲ್ಲಿ ನಿಂತರೆ ಬರೀ ರೊಟ್ಟಿಯನ್ನೇ ಕರುಂ ಕರುಂ ಅಗಿದರೆ ಕಾಲಕ್ಷೇಪ. ಅಕ್ಕಪಕ್ಕದವರಿಗೂ ಒಂದೊಂದು ತುಂಡು ಕೊಟ್ಟರೆ ಕಿಟಕಿಯ ಸೀಟು ಸಿಗುವುದೂ ಉಂಟು. ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತ ಬೆಳೆಯಿತು; 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು, ಆಂಧ್ರದ ರೈತರ ಕ್ಯಾಂಪುಗಳೆದ್ದವು, ಅವರ ಹಿಂದೆಯೇ ಮೆಸ್ಸುಗಳೂ ಬಂದವು. ಅಲ್ಲಿನ ಅನ್ನ, ಪಪ್ಪು, ಆವಕಾಯಿಗೆ ನಾನು ವಿರೋಧಿಯಲ್ಲ. ಆದರೆ ಅನ್ನ ಉಂಡು ಮೂರು ಗಂಟೆಗೆ ಡೀಲರನ ಮುಂದೆ ಕೂತರೆ ಆಕಳಿಕೆ ಬರುತ್ತದೆ, ಬಾಕಿ ಬರುವುದಿಲ್ಲ.

ಇಷ್ಟು ಉಂಡ ಮೇಲೆ ಏಳುವ ತಂಟೆ ಒಂದೇ.

“ಅಕ್ಕಾರ, ಒಂದು ಬಿಲ್ ಕೊಡ್ರಿ.”

“ಎದರ ಬಿಲ್ಲರೀ ಅಣ್ಣಾರ? ಉಂಡ್ರಿ, ರೊಕ್ಕ ಕೊಟ್ರಿ, ಮುಗೀತಲ್ಲ.”

“ಆಫೀಸಿನಾಗ ಕೇಳ್ತಾರ್ರಿ.”

“ಹಂಗಾರ ಅವರನ್ನೂ ಊಟಕ್ಕ ಕರ್ಕೊಂಡು ಬರ್ರಿ. ಒಂದ್ಸಲ ಉಂಡ್ರ ಕೇಳೂದು ಬಿಡ್ತಾರ.”

ಆಕೆಯ ಮಾತಿನಲ್ಲಿ ನ್ಯಾಯವೂ ಇದೆ, ಕಾನೂನೂ ಇದೆ. ಸೇವೆಯ ವ್ಯಾಪಾರ ವರ್ಷಕ್ಕೆ ಇಪ್ಪತ್ತು ಲಕ್ಷ ರೂಪಾಯಿ ದಾಟದಿದ್ದರೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ನಂಬರಿನ ಬಿಲ್ಲು ಎಲ್ಲಿಂದ ತರಬೇಕು? ನಮ್ಮ ಲೆಕ್ಕ ವಿಭಾಗಕ್ಕೆ ಮಾತ್ರ ಬಿಲ್ಲು ಬೇಕು, ಬಿಲ್ಲಿನ ಮೇಲೆ ನಂಬರು ಬೇಕು, ನಂಬರು ಹದಿನೈದು ಅಕ್ಷರದ್ದೇ ಆಗಿರಬೇಕು. ಅಷ್ಟು ಬಡಿದಾಡಿ ನಂಬರು ತಂದುಕೊಟ್ಟರೆ ಕಂಪನಿಗೆ ಬರುವುದೇನು? ಏನೂ ಇಲ್ಲ. ಹೀಗೆ ಊಟಕ್ಕೆ ಕಟ್ಟಿದ ತೆರಿಗೆಯನ್ನು ಕಂಪನಿ ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುವಂತಿಲ್ಲ ಎಂದು ಅದೇ ಕಾಯಿದೆ ಹೇಳುತ್ತದೆ. ಇದನ್ನು ನಾನು ಒಬ್ಬ ಲೆಕ್ಕಪರಿಶೋಧಕರನ್ನು ಕೇಳಿ ಖಾತ್ರಿ ಮಾಡಿಕೊಂಡು, ಸೆಕ್ಷನ್ ನಂಬರಿನ ಸಮೇತ ಮೇಲ್ ಬರೆದೆ. ‘ಧನ್ಯವಾದಗಳು, ದಯವಿಟ್ಟು ಬಿಲ್ ಲಗತ್ತಿಸಿ’ ಎಂದು ಉತ್ತರ ಬಂತು. ಫೋನ್‌ಪೇ ತೋರಿಸಿದರೆ ಅದು ಹಣ ಹೋದದ್ದಕ್ಕೆ ಸಾಕ್ಷಿಯಂತೆ, ಉಂಡದ್ದಕ್ಕಲ್ಲವಂತೆ. ಉಂಡದ್ದಕ್ಕೆ ಸಾಕ್ಷಿ ಬೇಕಿದ್ದರೆ ನನ್ನ ಹೊಟ್ಟೆ ಪ್ರತಿ ತಿಂಗಳ ಸಭೆಗೂ ಹಾಜರಾಗುತ್ತಿದೆಯಲ್ಲ!

ಹೀಗಾಗಿ ಆಗುವುದೇನೆಂದರೆ, ಲಾಡ್ಜಿನ ಕೆಳಗಿನ ಎಸಿ ಫ್ಯಾಮಿಲಿ ರೆಸ್ಟೋರೆಂಟಿಗೆ ಹೋಗಿ ಕೆಂಪು ಬಣ್ಣದ ಗೋಬಿ ಮಂಚೂರಿ, ಅದೇ ಬಣ್ಣದ ಪನೀರು, ಎರಡು ತಂದೂರಿ ರೊಟ್ಟಿ ತಿಂದು ಖಾನಾವಳಿಯ ಮೂರು ಪಟ್ಟು ಹಣ ತೆತ್ತರೆ ಕಂಪ್ಯೂಟರಿನಿಂದ ಕರಕರ ಎಂದು ಬಿಲ್ಲು ಬರುತ್ತದೆ. ಅದು ಯಾವ ಪ್ರಶ್ನೆಯೂ ಇಲ್ಲದೆ ಮಂಜೂರು. ಖಾನಾವಳಿಯಲ್ಲಿ ಉಂಡು ಕಂಪನಿಯ ಹಣ ಉಳಿಸಿದರೆ ನನ್ನ ಜೇಬು ಹರಿಯುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಖಾಲಿ ಬಿಲ್ ಬುಕ್ ಸಿಗುತ್ತದೆ ಎಂದು ಕೆಲವು ಅನುಭವಿಗಳು ಕಿವಿಯಲ್ಲಿ ಹೇಳುತ್ತಾರೆ. ಎಲ್ಲೂ ಇಲ್ಲದ ಹೋಟೆಲುಗಳು ಎಷ್ಟೋ ಜನರನ್ನು ಕಾಗದದ ಮೇಲೆ ಸಾಕಿ ಸಲಹಿವೆ.

ಇನ್ನೂ ಸೂಕ್ಷ್ಮವಾದ ಪ್ರಶ್ನೆ ದಾಸೋಹದ್ದು. ಯಾದಗಿರಿಯ ಹತ್ತಿರದ ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠಕ್ಕೆ ಹೋಗಿ ಪ್ರಸಾದ ಮಾಡಿದ ದಿನದ ಊಟದ ಭತ್ಯೆ ಬರೆಯಬಹುದೇ, ಬರೆಯಬಾರದೇ? ಬರೆದರೆ ಬಸವಣ್ಣ ಮೆಚ್ಚುವುದಿಲ್ಲ, ಬಿಟ್ಟರೆ ಹೆಂಡತಿ ಮೆಚ್ಚುವುದಿಲ್ಲ.

ಪುಕ್ಕಟೆ ಊಟದಲ್ಲಿ ಪ್ರಸಾದ ಒಂದೇ ನಿಜವಾಗಿ ಪುಕ್ಕಟೆ. ಉಳಿದದ್ದಕ್ಕೆಲ್ಲ ಬೆಲೆ ಇದೆ ಎಂಬ ಸಲಹೆಯನ್ನು ಆ ಬಣ್ಣದ ಹಾಳೆ ಬರೆದವರು ಯಾಕೆ ಮರೆತರೋ. ಡೀಲರು ಪ್ರೀತಿಯಿಂದ, “ಬರ್ರಿ ಸಾಹೇಬ್ರ, ಧಾಬಾಕ್ಕ ಹೋಗೂಣು” ಎಂದರೆ ಎಚ್ಚರ. ಬಿರಿಯಾನಿ ಬರುತ್ತದೆ, ತಂಪು ಬರುತ್ತದೆ, ಮಕ್ಕಳ ಓದಿನ ವಿಚಾರಣೆ ನಡೆಯುತ್ತದೆ. ಕೈ ತೊಳೆದು ಸೋಂಪು ಬಾಯಿಗೆ ಹಾಕುವ ಹೊತ್ತಿಗೆ ಮೆಲ್ಲಗೆ ಒಂದು ಮಾತು: “ಈ ಸಲದ ರೊಕ್ಕ ಸ್ವಲ್ಪ ತಡ ಆಗ್ತದರಿ.” ಬಾಯಲ್ಲಿ ಅವರದೇ ಸೋಂಪು. ಏನೆಂದು ಉತ್ತರ ಕೊಡುವುದು?

ಸುರಪುರದಲ್ಲಿ ಇಂಥದ್ದೊಂದು ಊಟ ಮುಗಿಸಿ ಹೊರಬಂದಾಗಲೆಲ್ಲ ನನಗೆ ಟೇಲರ್ ಮಂಜಿಲ್ ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ನೆನಪಾಗುತ್ತಾನೆ. 1840ರ ದಶಕದಲ್ಲಿ ಕಂಪನಿ ಸರಕಾರದ ಪರವಾಗಿ ಸುರಪುರದ ಕಾರಭಾರ ನೋಡಿದವನು. ಎಳೆಯ ರಾಜಾ ವೆಂಕಟಪ್ಪ ನಾಯಕರು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದರಂತೆ. ಈತ ಮೂಲತಃ ನಮ್ಮವನೇ, ವ್ಯಾಪಾರದ ಕಡೆಯವನು. 1824ರಲ್ಲಿ ಇನ್ನೂ ಹದಿನೈದರ ಹುಡುಗ, ಮುಂಬಯಿಯ ಒಬ್ಬ ವರ್ತಕನ ಅಂಗಡಿಗೆ ಗುಮಾಸ್ತನಾಗಿ ಹಡಗು ಹತ್ತಿ ಬಂದ. ಮುಂದೆ ಪಾಲುದಾರಿಕೆ ಕೊಡುತ್ತೇವೆ ಎಂದಿದ್ದರು. ಬಂದು ನೋಡಿದರೆ ವರ್ತಕನೇ ದಿವಾಳಿಯ ಅಂಚಿನಲ್ಲಿದ್ದ. ಹುಡುಗ ಅಲ್ಲಿಂದ ಕಾಲ್ತೆಗೆದು ನಿಜಾಮನ ಸೇನೆ ಸೇರಿದ. ಮುಖ್ಯ ಕಚೇರಿಯ ಭರವಸೆಗಳ ಬೆಲೆ ಅವನಿಗೆ ಬೇಗ ತಿಳಿಯಿತು.

ಅವನು 1839ರಲ್ಲಿ ಪ್ರಕಟಿಸಿದ ಠಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿಯನ್ನು ಎಲ್ಲರೂ ಅಪರಾಧದ ಕಥೆ ಎಂದು ಓದುತ್ತಾರೆ. ನಾನು ಓದಿದ್ದು ಪ್ರವಾಸಿ ವ್ಯಾಪಾರಿಗಳ ಊಟೋಪಚಾರದ ಕೈಪಿಡಿ ಎಂದು. ಠಗ್ಗರು ದಾರಿಯಲ್ಲಿ ಥಟ್ಟನೆ ಮೇಲೆ ಬೀಳುವವರಲ್ಲ. ಸಭ್ಯರಂತೆ ಬಂದು ಜೊತೆಗೂಡುತ್ತಾರೆ, ದಾರಿಯಲ್ಲಿ ಕಳ್ಳರ ಭಯವಿದೆ, ಒಟ್ಟಿಗೆ ಹೋಗೋಣ ಎನ್ನುತ್ತಾರೆ. ಹರಟೆ, ಹಾಡು, ಒಂದೇ ಬೀಡಿನಲ್ಲಿ ಬಿಡಾರ. ಎಲ್ಲರೂ ನೆಮ್ಮದಿಯಾಗಿ ಕೂತಿರುವಾಗ ಯಾರೋ ಒಬ್ಬ ತಂಬಾಕು ತಾರೋ ಎನ್ನುತ್ತಾನೆ. ಎಷ್ಟೋ ಸಲ ಅದೇ ಸಂಕೇತ. ಕುತ್ತಿಗೆಗೆ ರುಮಾಲು ಬೀಳುತ್ತದೆ. ಈಗ ಕಾಲ ಸುಧಾರಿಸಿದೆ, ತಂಬಾಕಿನ ಬದಲು ಸೋಂಪು ತರಿಸುತ್ತಾರೆ, ಕುತ್ತಿಗೆಗೂ ಅಪಾಯವಿಲ್ಲ. ಮೂರು ತಿಂಗಳ ಉದ್ರಿ ಹೆಚ್ಚುತ್ತದೆ, ಅಷ್ಟೇ. ಡೀಲರುಗಳು ಇದನ್ನು ಓದಿದರೆ ಬೇಸರಿಸಬಾರದು; ಅವರ ಕಷ್ಟ ಅವರಿಗೆ, ಹತ್ತಿಯ ರೇಟು ಅವರ ಕೈಯಲ್ಲೂ ಇಲ್ಲ.

ಟೇಲರನಿಗಾದರೂ ಸಂಬಳ ಗೊತ್ತಿತ್ತು. ಸುರಪುರದ ದಾರಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಅಶ್ವಮೇಧದ ಕುದುರೆಯ ಹಿಂದೆ ಹೋದ ಅರ್ಜುನ. ಆ ಕಥೆ ಹೇಳುವ ಜೈಮಿನಿ ಭಾರತದ ಕವಿ ಲಕ್ಷ್ಮೀಶ ಕಡೂರಿನ ದೇವನೂರಿನವನು ಎಂಬುದು ಬಹುಜನರ ಮಾತು. ಅಲ್ಲ, ಸುರಪುರದ ಪಕ್ಕದ ದೇವಪುರದವನು ಎಂಬುದು ಈ ಕಡೆಯವರ ಹಟ. ಈ ವಿಷಯದಲ್ಲಿ ನಾನು ದೇವಪುರದ ಕಡೆ. ಊರೂರು ಅಲೆಯುವ ಕಥೆಯನ್ನು ಅಷ್ಟು ಬಲ್ಲವನು ಒಂದು ಸಲವಾದರೂ ಈ ದಾರಿಯಲ್ಲಿ ಅಲೆದಿರಲೇಬೇಕು, ಬೇರೆ ಪುರಾವೆ ನನ್ನಲ್ಲಿಲ್ಲ. ಯಜ್ಞದ ಖರ್ಚಿಗೆ ಹಿಮಾಲಯದಿಂದ ಮರುತ್ತನ ಚಿನ್ನ ತಂದರು ಎಂದು ಭಾರತ ಹೇಳುತ್ತದೆ. ಅರ್ಜುನನಿಗೆ ದಿನಭತ್ಯೆ ಎಷ್ಟು ಗೊತ್ತುಮಾಡಿದರು? ಕುದುರೆ ಒಂದು ಕಡೆ ಬಂಡೆಗೆ ಅಂಟಿಕೊಂಡು ನಿಂತುಬಿಡುತ್ತದೆ. ವಿಳಂಬಕ್ಕೆ ಕಾರಣ ಎಂಬ ಕಲಮಿನಲ್ಲಿ ಏನು ಬರೆದ? ಮುಂದೆ ಸ್ತ್ರೀರಾಜ್ಯ, ಅಲ್ಲಿ ಪ್ರಮೀಳೆ. ಅದಕ್ಕೆ ಯಾವ ಕಲಮು?

ವಿಳಂಬ ಎಂದಾಗ ಅದೇ ಕಾವ್ಯದ ಸುಧನ್ವನನ್ನು ಬಿಡುವಂತಿಲ್ಲ. ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಗೆ ಹಾಕುವುದು ಅವನಪ್ಪ ಹಂಸಧ್ವಜನ ಕಟ್ಟಳೆ. ಮಗನೇ ತಡ ಮಾಡಿದ. ಕಾರಣ ಹೆಂಡತಿ, ಬಿಲ್ಲು ಲಗತ್ತಿಸುವಂಥದ್ದಲ್ಲ. ರಾಜ ತಡಬಡಾಯಿಸಿದ. ಶಂಖ, ಲಿಖಿತ ಎಂಬ ಇಬ್ಬರು ಪುರೋಹಿತರು ಬಿಡಲಿಲ್ಲ. ಕಟ್ಟಳೆ ಎಂದರೆ ಕಟ್ಟಳೆ. ಹುಡುಗನನ್ನು ಕೊಪ್ಪರಿಗೆಗೆ ಇಳಿಸಿದರೆ ಅವನು ಹರಿಯ ಧ್ಯಾನ ಮಾಡುತ್ತ ತಣ್ಣಗೆ ಇದ್ದ. ಇಬ್ಬರಿಗೂ ಅನುಮಾನ ಬಂತು, ಎಣ್ಣೆ ನಿಜಕ್ಕೂ ಕಾದಿದೆಯೋ ಇಲ್ಲವೋ. ಪರೀಕ್ಷೆಗೆಂದು ತೆಂಗಿನಕಾಯಿ ಎಸೆದರು. ಅದು ಢಬ್ಬೆಂದು ಸಿಡಿದು ಎರಡು ಹೋಳಾಗಿ, ಒಂದೊಂದು ಹೋಳು ಒಬ್ಬೊಬ್ಬರ ಹಣೆಗೆ ಬಡಿಯಿತು.

ಅಂಥ ಪರೀಕ್ಷೆಗೆ ತೆಂಗಿನಕಾಯಿಯೇ ಯಾಕೆ ಬೇಕಿತ್ತೋ. ಈ ಕಡೆ ತೆಂಗು ಬೆಳೆಯುವುದೂ ಕಡಿಮೆ, ರೇಟೂ ಜಾಸ್ತಿ. ಸುರಪುರದ ಮಿರ್ಚಿ ಭಜಿಯವನು ಕಡಲೆಹಿಟ್ಟಿನ ಒಂದು ಹನಿ ಬಿಟ್ಟು ನೋಡುತ್ತಾನೆ. ಹನಿ ಮೇಲೆ ತೇಲಿ ಬಂತೆಂದರೆ ಸಾಲಾಗಿ ಮೆಣಸಿನಕಾಯಿ ಇಳಿಸುತ್ತಾನೆ, ಪಕ್ಕದಲ್ಲಿ ಸುಸಲಾ ಕಲಸಿ ರೆಡಿ ಇರುತ್ತದೆ. ಅವನೂ ಬಿಲ್ಲು ಕೊಡುವುದಿಲ್ಲ.