ಶಂಕಗಿರಿಯ ಬೆಟ್ಟದ ಬುಡದಲ್ಲಿ ಒಂದು ಹಗಲು

ಸೇಲಂನಿಂದ ಕೊಯಮತ್ತೂರಿನ ಕಡೆಗೆ ಸಾಗುವ 544ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ನಲವತ್ತು ಕಿಲೋಮೀಟರು ತುಂಬುವುದಕ್ಕೆ ಮೊದಲೇ, ಬಯಲಿನ ನಡುವೆ ಒಂಟಿಯಾಗಿ ಎದ್ದ ಬೆಟ್ಟವೊಂದು ಕಣ್ಣಿಗೆ ಬೀಳುತ್ತದೆ. ಶಂಖದ ಆಕಾರವಿರುವುದರಿಂದ ಅದಕ್ಕೆ ಆ ಹೆಸರು ಬಂದಿತೆಂದು ಹೇಳುವರು. ರೈಲು ನಿಲ್ದಾಣದ ಹೆಸರು ಮಾತ್ರ ಇಂದಿಗೂ ಸಂಕರಿ ದುರ್ಗ. ಈ ಹಾದಿಯಲ್ಲಿ ನಾನು ಅದೆಷ್ಟು ಸಲ ಹೋಗಿಬಂದಿರುವೆನೋ ಲೆಕ್ಕವಿಲ್ಲ. ಊರೊಳಗೆ ಇಳಿದದ್ದು 2024ರ ಆಗಸ್ಟ್ 3ರಂದು, ಅದೂ ನನ್ನ ಇಚ್ಛೆಯಿಂದಲ್ಲ.

ಅಂದು ಆಡಿ ಹದಿನೆಂಟು, ಮರುದಿನವೇ ಆಡಿ ಅಮಾವಾಸ್ಯೆ. ತಂದೆಯವರ ವರ್ಷಾಬ್ದಿಕ ಕಳೆದ ಮೇಲೆ ಬಂದ ಮೊದಲ ಆಡಿ ಅಮಾವಾಸ್ಯೆಯಾದ್ದರಿಂದ ಭವಾನಿಯ ಕೂಡುತುರೈಯಲ್ಲಿ ಎಳ್ಳುನೀರು ಬಿಡಬೇಕೆಂಬುದು ತಾಯಿಯವರ ಹಂಬಲ. ಬಸ್ಸಿನಲ್ಲಿ ಹೋಗಬಹುದಿತ್ತು. ಅವರು ಒಪ್ಪಲಿಲ್ಲ. ತಂದೆ 1998ರಲ್ಲಿ ಕೊಂಡ ಮಾರುತಿ 800 ಕಾರಿನಲ್ಲೇ ಹೋಗಬೇಕು ಎಂದರು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಅದರ ನೋಂದಣಿಯನ್ನು ನವೀಕರಿಸಿಕೊಂಡು ಬಂದಿದ್ದೆವು. ಇನ್ನು ಅದನ್ನು ಗುಜರಿಗೆ ಹಾಕುವುದೇ ಲೇಸೆಂದು ನಾನೂ, ಬೇಡವೆಂದು ತಾಯಿಯೂ ಒಂದು ವರ್ಷದಿಂದ ಮಾತಿಲ್ಲದೆ ವಾದಿಸುತ್ತಿದ್ದೆವು.

ವೈಗುಂದಂ ಸುಂಕದ ಕಟ್ಟೆ ದಾಟಿದ ಮೇಲೆ ಸ್ಟಿಯರಿಂಗ್ ನನ್ನ ಮಾತು ಕೇಳುವುದನ್ನು ಕಡಿಮೆ ಮಾಡಿತು. ಮೂರು ಬೆರಳಗಲ ತಿರುಗಿಸಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟದು. ಆಮೇಲೆ ಮುಟ್ಟಿದರೆ ಕೆಳಗಿನಿಂದ ಟಕ್ ಎಂಬ ಸದ್ದು. ಪಕ್ಕದಲ್ಲಿ ದೊಡ್ಡ ಲಾರಿಯೊಂದು ಹಾದುಹೋದರೆ ಅದರ ಗಾಳಿಗೇ ಕಾರು ಅತ್ತಿತ್ತ ಓಲಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ತಾಯಿ ಎಳ್ಳಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅವರಿಗೆ ಏನನ್ನೂ ಹೇಳದೆ, ಎಡಬದಿ ಹಿಡಿದು, ಇಪ್ಪತ್ತರ ವೇಗದಲ್ಲಿ ಶಂಕಗಿರಿ ಸೇರಿದೆ.

ಕೆಡುವುದಾದರೆ ಇಂಥ ಊರಿನಲ್ಲಿ ಕೆಡಬೇಕು. ಶಂಕಗಿರಿ ಲಾರಿಗಳ ಊರು. ನಾಮಕ್ಕಲ್, ತಿರುಚ್ಚೆಂಗೋಡುಗಳಂತೆ ಇಲ್ಲಿಯೂ ಲಾರಿ ಎಂಬುದು ವಾಹನ ಮಾತ್ರವಲ್ಲ, ಹೊಲ, ಮನೆ, ಸಾಲ, ವರದಕ್ಷಿಣೆ ಎಲ್ಲವೂ. ರಸ್ತೆಯ ಇಕ್ಕೆಲದಲ್ಲಿ ಸ್ಪ್ರಿಂಗ್ ಪಟ್ಟಿ ಬಡಿಯುವವರು, ಲೇತ್ ಯಂತ್ರದವರು, ಟಾರ್ಪಾಲು ಹೊಲಿಯುವವರು, ಹಲಗೆಯ ಮೇಲೆ ಹೂವನ್ನೂ ದೇವರ ಹೆಸರನ್ನೂ ಬರೆಯುವ ಬಣ್ಣದವರು. ಒಬ್ಬನ ಕೆಲಸಕ್ಕೆ ಇನ್ನೊಬ್ಬ ಕೈ ಹಾಕುವುದಿಲ್ಲ. ಆದರೆ ಅಂದು ಹಬ್ಬ. ಬಾಗಿಲುಗಳೆಲ್ಲ ಮುಚ್ಚಿದ್ದವು. ಅಂದು ರಾತ್ರಿಯೇ ಸಿಮೆಂಟು ಹೊತ್ತು ಹೊರಡಬೇಕಾದ ಲಾರಿಯೊಂದರ ದೆಸೆಯಿಂದ ಒಂದೇ ಒಂದು ಕಾರ್ಯಾಗಾರ ತೆರೆದಿತ್ತು. ಅರವತ್ತು ದಾಟಿದ ಮೇಸ್ತ್ರಿ, ಸಹಾಯಕ್ಕೆ ಒಬ್ಬ ಹುಡುಗ. ಸ್ಟಿಯರಿಂಗ್ ಕೆಲಸವೇ ಅವರ ಕಸುಬು, ಆದರೆ ಲಾರಿಯದು.

ತಮಿಳಿನಲ್ಲಿ ವಿವರಿಸಿದೆ. ಮೇಸ್ತ್ರಿ ಕಾರನ್ನು ನೋಡಿ ನಕ್ಕರು. ಲಾರಿಯ ಸ್ಟಿಯರಿಂಗಿನಲ್ಲಿ ಗುಂಡುಗಳು ಉರುಳುವ ಕಬ್ಬಿಣದ ಪೆಟ್ಟಿಗೆಯಿರುತ್ತದೆ, ಅದರಿಂದ ಚಕ್ರದವರೆಗೆ ತೋಳಿನಷ್ಟು ದಪ್ಪದ ಸರಳುಗಳು. ಈ ಪುಟ್ಟ ಕಾರಿನಲ್ಲಿರುವುದು ಹಲ್ಲುಗಳುಳ್ಳ ಒಂದು ಅಡ್ಡ ಸರಳು, ಅದೇ ರ‍್ಯಾಕ್. ಅದರ ಮೇಲೆ ಕೂತು ಅದನ್ನು ಎಡಕ್ಕೂ ಬಲಕ್ಕೂ ಸರಿಸುವ ಒಂದು ಸಣ್ಣ ಹಲ್ಲುಚಕ್ರ, ಅಷ್ಟೆ. ಕೆಳಗೆ ಮಲಗಿ ಟಾರ್ಚು ಹಿಡಿದವರು ಹುಡುಗನಿಗೆ ಸ್ಟಿಯರಿಂಗನ್ನು ಮೆಲ್ಲಗೆ ಅಲುಗಿಸಲು ಹೇಳಿದರು. ಒಂದು ಬದಿಯ ರಬ್ಬರ್ ಬೂಟು ಹರಿದುಹೋಗಿತ್ತು. ಯಾವ ಮಳೆಗಾಲದಲ್ಲಿ ಹರಿಯಿತೋ, ಒಳಗೆ ನೀರೂ ಮಣ್ಣೂ ಸೇರಿ, ಹಲ್ಲಿಗೆ ನಯವಾಗಬೇಕಾದ ಗ್ರೀಸು ಅದನ್ನೇ ಸವೆಸುವ ಸಾಣೆಯಾಗಿತ್ತು.

ಅಷ್ಟರಲ್ಲಿ ತಾಯಿ ಕಾರಿನಿಂದಿಳಿದು ನನ್ನನ್ನು ಕನ್ನಡದಲ್ಲಿ ಗದರಿದರು: "ಮೊದಲೇ ಹೇಳಬಾರದಿತ್ತೇನೋ?" ಕಾರಿನ ಕೆಳಗಿನಿಂದ ಉತ್ತರ ಬಂತು: "ಬೈಯಬೇಡಿ ಅಮ್ಮ, ಇದು ಮೆಲ್ಲಗೆ ಸವೆಯೋ ಸಾಮಾನು. ಓಡಿಸೋರಿಗೆ ತಿಳಿಯಲ್ಲ." ನಾವಿಬ್ಬರೂ ಬೆರಗಾದೆವು. ಮೇಸ್ತ್ರಿ ಹೊರಬಂದು ಕೈ ಒರೆಸಿಕೊಳ್ಳುತ್ತ, "ನಮ್ಮದೂ ಮನೇಲಿ ಕನ್ನಡಾನೇ" ಎಂದರು. ದೇವಾಂಗದವರು. ಅಜ್ಜನ ಕಾಲದವರೆಗೂ ಮನೆಯಲ್ಲಿ ಮಗ್ಗವಿತ್ತಂತೆ. ತಂದೆ ಮಗ್ಗ ಮಾರಿ ಲಾರಿ ಕ್ಲೀನರ್ ಆಗಿ ಸೇರಿದರಂತೆ. ಕನ್ನಡದ ಒಂದಕ್ಷರವನ್ನೂ ಓದಲು ಬಾರದು. ಅವರ ಕನ್ನಡದ ಅರ್ಧ ಮಾತು ತಮಿಳೇ. ಆದರೂ ಲೆಕ್ಕ ಮಾಡುವಾಗ ಒಂದು, ಎರಡು ಎಂದು ಕನ್ನಡದಲ್ಲೇ ಎಣಿಸುತ್ತಿದ್ದುದನ್ನು ಆಮೇಲೆ ಗಮನಿಸಿದೆ. ತಮಿಳುನಾಡಿನಲ್ಲಿ ಕನ್ನಡದ ಕುರುಹು ಹುಡುಕುವ ನಾವು ಕೋಟೆಗೂ ಶಾಸನಕ್ಕೂ ಮೊದಲು ಹೋಗುತ್ತೇವೆ. ಗ್ರೀಸು ಮೆತ್ತಿದ ಕೈಯವರ ಬಾಯಲ್ಲಿ ಅದಿರಬಹುದೆಂದು ನನಗೂ ಹೊಳೆದಿರಲಿಲ್ಲ.

ತಾಯಿಗೆ ಧೈರ್ಯ ಬಂತು. "ಹೇಗಾದರೂ ಬಿಗಿ ಮಾಡಿ ಕೊಡಪ್ಪ, ಸಂಜೆಗೆ ಭವಾನಿ ಸೇರಿದರೆ ಸಾಕು" ಎಂದರು. ಅದು ಆಗದ ಕೆಲಸವೇನಲ್ಲ. ಹಲ್ಲುಸರಳನ್ನು ಚಕ್ರದ ಕಡೆಗೆ ಒತ್ತಿ ಹಿಡಿಯುವ ಒಂದು ತಿರುಪು ಅಲ್ಲಿದೆ. ಹತ್ತು ನಿಮಿಷದಲ್ಲಿ ಅದನ್ನು ಬಿಗಿದು, ನೂರು ರೂಪಾಯಿ ಪಡೆದು, ನಮ್ಮನ್ನು ಕಳುಹಿಸಬಹುದಿತ್ತು. ಮೇಸ್ತ್ರಿ ಒಲ್ಲೆನೆಂದರು. ಕಾರು ಬಹುಪಾಲು ನೆಟ್ಟಗೆ ಓಡುವುದರಿಂದ ಸರಳಿನ ನಡುವಿನ ಹಲ್ಲುಗಳು ಮಾತ್ರ ಸವೆಯುತ್ತವೆ. ಎರಡು ಕೊನೆಯವು ಹೊಸದರಂತೆಯೇ ಉಳಿಯುತ್ತವೆ. ನಡುವಿನ ಸಡಿಲು ಹೋಗುವಷ್ಟು ಬಿಗಿದರೆ ಕೊನೆಗಳಲ್ಲಿ ಹಿಡಿದುಕೊಳ್ಳುತ್ತದೆ.

"ನೆಟ್ಟಗೆ ಹೋಗೋವಾಗ ಚೆನ್ನಾಗೇ ಇರ್ತದೆ ಅಮ್ಮ. ತಿರುವಿನಲ್ಲಿ ತಿರುಗಿಸಿದ್ದು ತಾನಾಗಿ ವಾಪಸ್ ಬರಲ್ಲ. ಎದುರಿಗೆ ಲಾರಿ ಇರ್ತದೆ."

ಮುಂದಕ್ಕೆ ಅವರು ಮಾತು ಬೆಳೆಸಲಿಲ್ಲ. ತಾಯಿಯೂ ಸುಮ್ಮನಾದರು. ಹಳೆಯ ಸಾಮಾನಿನ ಅಂಗಡಿಯಿಂದ ಒಂದನ್ನು ತಂದು ಹಾಕಿದರೆ ಹೇಗೆಂದು ನಾನು ಕೇಳಿದೆ. ಅದರ ನಡುಹಲ್ಲು ಹೇಗಿದೆಯೋ ಯಾರು ಬಲ್ಲರು ಎಂಬುದು ಉತ್ತರ. ಸೇಲಂನ ಪರಿಚಿತ ವರ್ತಕರೊಬ್ಬರಿಗೆ ಫೋನು ಮಾಡಿ, ಹಬ್ಬದ ದಿನ ಅಂಗಡಿ ತೆರೆಸಿ, ಹೊಸ ರ‍್ಯಾಕನ್ನು ಈರೋಡಿನ ಬಸ್ಸೊಂದರಲ್ಲಿ ಕಂಡಕ್ಟರರ ಕೈಗೆ ಕೊಡುವಂತೆ ಏರ್ಪಾಡಾಯಿತು. ಅದು ಬರಲು ಮೂರು ಗಂಟೆಯಾದರೂ ಬೇಕು. ತಾಯಿಯನ್ನು ಮೇಸ್ತ್ರಿಯವರ ಮನೆಯಲ್ಲಿ ಕುಳ್ಳಿರಿಸಿ ನಾನು ಬೆಟ್ಟದ ಕಡೆ ನಡೆದೆ.

ಬೆಟ್ಟದ ಬುಡದಲ್ಲಿ ಜನವೋ ಜನ. 1805ರ ಜುಲೈ 31ರಂದು, ಆಡಿ ಹದಿನೆಂಟರ ದಿನವೇ, ಇಂಗ್ಲಿಷರು ಧೀರನ್ ಚಿನ್ನಮಲೈಯನ್ನು ಈ ಕೋಟೆಯಲ್ಲಿ ಗಲ್ಲಿಗೇರಿಸಿದರೆಂಬ ನೆನಪಿಗೆ ಮಾಲೆಗಳೂ ತಮಟೆಗಳೂ ಬಾವುಟ ಕಟ್ಟಿದ ವಾಹನಗಳೂ ಸೇರಿದ್ದವು. ಕೊಂಗುನಾಡಿನ ಈ ಪಾಳೆಯಗಾರ ಟಿಪ್ಪುವಿನ ಪರವಾಗಿ ಹೋರಾಡಿದವನು; 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಓಡಾನಿಲೈಯಲ್ಲಿ ನೆಲೆನಿಂತು ಇಂಗ್ಲಿಷರನ್ನು ಎದುರಿಸಿದನು. ಸೇಲಂ ಸೀಮೆ ಚಿಕ್ಕದೇವರಾಜ ಒಡೆಯರ ಕಾಲದಿಂದ ಮೈಸೂರಿನ ಕೈಯಲ್ಲಿದ್ದು, ಹೈದರನಿಂದ ಟಿಪ್ಪುವಿಗೆ ಬಂದು, 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೈಬಿಟ್ಟುಹೋಯಿತು. ಆಮೇಲೆ ಕಂದಾಯ ನಿಗದಿ ಮಾಡಲು ಈ ಸೀಮೆಗೆ ಬಂದ ಅಲೆಕ್ಸಾಂಡರ್ ರೀಡನ ಸಹಾಯಕರಲ್ಲಿ ಥಾಮಸ್ ಮನ್ರೋ ಒಬ್ಬ. ಈ ಕೋಟೆ ಕೊಂಗುನಾಡಿನ ತೆರಿಗೆಯನ್ನು ಕೂಡಿಡುವ ಜಾಗವೂ ಆಗಿತ್ತು.

ಮೆಟ್ಟಿಲುಗಳನ್ನೂ ಒಂದರ ಹಿಂದೊಂದು ಬರುವ ಬಾಗಿಲುಗಳನ್ನೂ ದಾಟಿ ಅರ್ಧ ಬೆಟ್ಟದಲ್ಲೇ ನಿಂತೆ. ಮೇಲೆ ಪೆರುಮಾಳ್ ಗುಡಿಯಿದೆ, ದಸ್ತಗೀರ್ ದರ್ಗಾ ಇದೆ. ಮೊಣಕಾಲು ಅಷ್ಟಕ್ಕೆ ಒಪ್ಪಲಿಲ್ಲ. ಕೆಳಗೆ ರೈಲು ಹಳಿ, ಸಿಮೆಂಟು ಕಾರ್ಖಾನೆಯ ಚಿಮಣಿ, ಸಾಲುಸಾಲಾಗಿ ನಿಂತ ಲಾರಿಗಳು. ನಡುವೆ ಎಲ್ಲೋ ಜಾಕಿಯ ಮೇಲೆ ಮೂತಿಯೆತ್ತಿದ ನಮ್ಮ ಬಿಳಿಯ ಕಾರು. ತಂದೆ ಸಾಯುವ ಹಿಂದಿನ ತಿಂಗಳವರೆಗೂ ಅದನ್ನು ಓಡಿಸುತ್ತಿದ್ದರು. ಆ ಸಡಿಲು ಅವರ ಕೈಗೆ ಎಂದಾದರೂ ತಿಳಿದಿತ್ತೇ?

ಇಳಿದು ಬರುವ ಹೊತ್ತಿಗೆ ಗೋಣಿ ಸುತ್ತಿದ ರ‍್ಯಾಕು ಕಬ್ಬಿನ ಜಲ್ಲೆಯಂತೆ ಹುಡುಗನ ಹೆಗಲ ಮೇಲಿತ್ತು. ಹಳೆಯದರ ಎರಡು ತುದಿಯ ಬಾಲ್ ಜಾಯಿಂಟುಗಳನ್ನು ಬಿಡಿಸುವುದೇ ದೊಡ್ಡ ಕೆಲಸ. ಪಿನ್ನು ಕಿತ್ತು, ನಟ್ಟು ಸಡಿಲಿಸಿ, ಅದರ ಮೇಲೆ ಹೊಡೆಯದೆ, ಅದು ಕೂತ ತೋಳಿನ ಎರಡು ಮಗ್ಗುಲಿಗೂ ಒಟ್ಟಿಗೇ ಎರಡು ಸುತ್ತಿಗೆಯಿಂದ ಬಡಿದಾಗ ತಾನೇ ಕಳಚಿಬಿತ್ತು. ಜಾಯಿಂಟುಗಳನ್ನು ಸರಳಿನಿಂದ ತಿರುಚಿ ತೆಗೆಯುವಾಗ ಎಷ್ಟು ಸುತ್ತಿಗೆ ಹೊರಬಂತೆಂದು ಮೇಸ್ತ್ರಿ ಎಣಿಸಿ, ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಗೆರೆ ಎಳೆದರು. ಹೊಸದರಲ್ಲಿ ಅಷ್ಟೇ ಸುತ್ತು ಹಾಕಬೇಕು. ಸ್ಟಿಯರಿಂಗ್ ಕಂಬ ಸೇರುವಲ್ಲಿಯೂ ಗುರುತು. ಕಟ್ಟು ಬಿಚ್ಚಿ, ಚಕ್ರದ ಗೂಡಿನ ಮೂಲಕ ಪಕ್ಕಕ್ಕೆ ಎಳೆದು ಹಳೆಯದನ್ನು ಹೊರತೆಗೆದಾಗ ನಡುಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡೆಂದರು. ಬಾಲವಾಡಿಯ ಮಗುವಿನ ಹಾಲುಹಲ್ಲಿನಷ್ಟು ಮೊಂಡಾಗಿದ್ದವು.

ಹೊಸದನ್ನು ಕೂರಿಸುವ ಮೊದಲು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ, ಸುತ್ತು ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸಿದರು. ಈ ಒಂದು ಹೆಜ್ಜೆ ತಪ್ಪಿದರೆ ಕಾರು ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ತಿರುಗುವುದಂತೆ. ಎಲ್ಲ ಬಿಗಿದ ಮೇಲೆ ಚಕ್ರಗಳ ನೇರ ನೋಡಬೇಕಿತ್ತು. ಅದರ ಯಂತ್ರವಿರುವ ಅಂಗಡಿಗಳು ಹಬ್ಬಕ್ಕೆ ಮುಚ್ಚಿದ್ದವು. ಮೇಸ್ತ್ರಿ ಒಳಗಿನಿಂದ ನೂಲಿನ ಉಂಡೆ ತಂದರು. ಎರಡು ಮುಂಚಕ್ರಗಳ ಟೈರಿನ ನಡುವೆ ಗುರುತು ಮಾಡಿ, ಮುಂದಿನ ಅಂಚುಗಳ ನಡುವಣ ದೂರವನ್ನು ನೂಲಿನಲ್ಲಿ ಹಿಡಿದು, ಚಕ್ರ ಅರ್ಧ ಸುತ್ತು ಉರುಳುವಷ್ಟು ಕಾರನ್ನು ತಳ್ಳಿ, ಹಿಂದಿನ ಅಂಚುಗಳ ನಡುವೆ ಅದೇ ನೂಲನ್ನು ಹಿಡಿದರು. ಹೆಬ್ಬೆರಳಿನ ಉಗುರಿನಿಂದ ನೂಲನ್ನು ಒತ್ತಿ ಹಿಡಿದ ರೀತಿಯನ್ನು ಕಂಡು ತಾಯಿ, "ನೇಯೋರ ಕೈ" ಎಂದರು. ಅವರು ಕೇಳಿಸಿಕೊಳ್ಳಲಿಲ್ಲ.

ಕತ್ತಲಾಗಿತ್ತು. ಸರ್ವಿಸ್ ರಸ್ತೆಯಲ್ಲಿ ಅವರೇ ಓಡಿಸಿ, ತಿರುವಿನಲ್ಲಿ ಎರಡೂ ಕೈ ಬಿಟ್ಟು, ಸ್ಟಿಯರಿಂಗ್ ತಾನಾಗಿ ನೆಟ್ಟಗಾಗುವುದನ್ನು ನನಗೆ ತೋರಿಸಿದರು. ರ‍್ಯಾಕಿನ ಬೆಲೆಯ ಜೊತೆಗೆ ಕೂಲಿಯೆಂದು ಕೇಳಿದ್ದು ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ. ಹೊರಡುವಾಗ ತಾಯಿಯ ಬಳಿ ಬಂದು ತಗ್ಗಿದ ದನಿಯಲ್ಲಿ, ನಾಳೆ ತಮಗೆ ಭವಾನಿಗೆ ಹೋಗಲಾಗದು, ತಮ್ಮ ತಂದೆಯ ಹೆಸರಿನಲ್ಲೂ ಒಂದು ಬೊಗಸೆ ನೀರು ಬಿಡಿಸಬಹುದೇ ಎಂದು ಕೇಳಿ, ಹೆಸರು ಹೇಳಿದರು. ತಾಯಿ ಅದನ್ನು ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡರು.

ಆ ವರ್ಷ ಜುಲೈ 30ಕ್ಕೇ ಮೇಟ್ಟೂರು ಜಲಾಶಯ 120 ಅಡಿ ತುಂಬಿತ್ತು. ಕೊಡಗಿನಲ್ಲೂ ವಯನಾಡಿನಲ್ಲೂ ಸುರಿದ ಮಳೆಯ ನೀರು ಕಾವೇರಿಯಲ್ಲಿ ಕೆಂಪಾಗಿ ಉಕ್ಕಿ ಹರಿಯುತ್ತಿತ್ತು. ನಾವು ನದಿಗೆ ಇಳಿಯದೆ ಮೇಲಿನಿಂದಲೇ ಎಳ್ಳುನೀರು ಬಿಟ್ಟೆವು. ಎರಡನೆಯ ಹೆಸರನ್ನು ತಾಯಿ ತಪ್ಪದೆ ಹೇಳಿದರು.

ಮರುದಿನ ಸೇಲಂನಲ್ಲಿ ಯಂತ್ರದ ಮೇಲೆ ಚಕ್ರಗಳ ನೇರ ನೋಡಿಸಿದೆ. ಎಡಗಡೆ ಕಾಲು ಸುತ್ತು ತಿರುಗಿಸಿದರು, ಬಲಗಡೆ ಮುಟ್ಟಬೇಕಾಗಲಿಲ್ಲ. ಗುಜರಿಯ ಮಾತನ್ನು ನಾನು ಮತ್ತೆ ಎತ್ತಿಲ್ಲ.