ಒಂದು ಹಲ್ಲಿನ ಅಂತರ

ಕೊಳ್ಳೇಗಾಲದಿಂದ ಮಲೆಮಹದೇಶ್ವರನ ಬೆಟ್ಟಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಹೊರಟವರು ಹನೂರು, ಕೌದಳ್ಳಿಗಳನ್ನು ದಾಟಿ ಘಟ್ಟವೇರುತ್ತಾರೆ. ಏರು ಬಂದಾಗಲೇ ಎಂಜಿನ್ನಿನ ಗುಣ ತಿಳಿಯುವುದು.

1961ರಿಂದ ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ ಟೂ-ಸ್ಟ್ರೋಕ್ ಗಾಡಿ. ಅದರ ಎಂಜಿನ್ನಿಗೆ ಕ್ಯಾಮ್‌ಷಾಫ್ಟೇ ಇಲ್ಲ. ಬಾಗಿಲಿಲ್ಲದ ಮನೆಗೆ ಬೀಗದ ಚಿಂತೆಯಿಲ್ಲವಷ್ಟೆ! 2016ರಲ್ಲಿ ಬಂದ ಹಿಮಾಲಯನ್‌ನಂತಹ, ಕಾಡುದಾರಿಗೂ ಒಗ್ಗುವ ಒಂಟಿ ಸಿಲಿಂಡರಿನ ಫೋರ್-ಸ್ಟ್ರೋಕ್ ಗಾಡಿಯ ಸಂಸಾರವೇ ಬೇರೆ. ಅದರಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್‌ಷಾಫ್ಟ್ ಒಂದೇ ಸುತ್ತು ಸುತ್ತುತ್ತದೆ. ಆ ಒಂದು ಸುತ್ತಿನಲ್ಲಿ ಗಾಳಿ ಬರುವ ವಾಲ್ವೂ ಹೊಗೆ ಹೋಗುವ ವಾಲ್ವೂ ತಮ್ಮ ತಮ್ಮ ಸರದಿಯಲ್ಲಿ ತೆರೆದು ಮುಚ್ಚಬೇಕು.

ಎಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್ಕಿನ ಜಾಣ್ಮೆಗೆ ಇಲ್ಲಿಯೇ ಪರೀಕ್ಷೆ. ಪಿಸ್ಟನ್ನನ್ನು ತುತ್ತತುದಿಗೆ ತಂದು, ಕ್ರ್ಯಾಂಕಿನ ಗುರುತನ್ನೂ ಕ್ಯಾಮ್ ಚಕ್ರದ ಗುರುತನ್ನೂ ಸರಿಹೊಂದಿಸಿ, ಚೈನು ಏರಿಸಿ, ಟೆನ್ಷನರ್ ಕೂರಿಸಬೇಕು. ಬಳಿಕ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಮೆಲ್ಲಗೆ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದುವೇ ಎಂದು ನೋಡಬೇಕು. ನಡುವೆ ಏನಾದರೂ ತಡೆದರೆ ಕೈ ಅಲ್ಲಿಯೇ ನಿಲ್ಲಬೇಕು.

ಚೈನು ಒಂದು ಹಲ್ಲು ತಪ್ಪಿ ಕೂತರೂ ಗಾಡಿ ಘಟ್ಟದಲ್ಲಿ ಏದುಸಿರು ಬಿಡುತ್ತದೆ. ಹೆಚ್ಚು ತಪ್ಪಿದರೆ, ಮೇಲೇರುವ ಪಿಸ್ಟನ್ ಇನ್ನೂ ಮುಚ್ಚದ ವಾಲ್ವಿಗೆ ಬಡಿದು ಅದನ್ನು ಬಾಗಿಸೀತು.

ಕೈಯಿಂದ ತಿರುಗಿಸುವ ಆ ಎರಡು ಸುತ್ತಿಗೆ ಬೇಕಾದುದು ಕೆಲವೇ ನಿಮಿಷ. ಗಿರಾಕಿ ಬಾಗಿಲಲ್ಲಿ ನಿಂತು ಅವಸರಪಡಿಸುವಾಗಲೂ ಅದನ್ನು ಬಿಡದವನೇ ಕುಶಲಿ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಘಟ್ಟವೇರುವ ಗೃಹಸ್ಥ ನಂಬಿರುವುದು ಆ ಸಹನೆಯನ್ನೇ.