ಎರಡು ಆರತಿ, ಒಂದೇ ಹೆಸರು

ಶ್ರಾವಣ ಮುಗೀತಾ ಬಂತು ಅಂದ್ರೆ ನಮ್ಮನೇಲಿ ಅಮ್ಮನ ಹಾಡು ಹುಡುಕೋ ಕೆಲಸ ಶುರು. ಅಮ್ಮ ಹೋಗಿ ಮೂರು ವರ್ಷ ಆಯ್ತು. ಇದ್ದಾಗ ಅಡುಗೆಕಟ್ಟೆ ಮೇಲೆ ಫೋನ್ ಇಟ್ಟು ಎರಡು ಆರತಿ ಹಾಡು ರೆಕಾರ್ಡ್ ಮಾಡ್ಕೊಂಡಿದ್ದೆ, ಒಂದು ಗೌರಿಗೆ, ಒಂದು ಲಕ್ಷ್ಮಿಗೆ. ಫೋನ್ ತುಂಬ್ತು ಅಂತ ಎರಡನ್ನೂ ಮಗಳ ಲ್ಯಾಪ್‌ಟಾಪಿಗೆ ಹಾಕಿ, ಫೋನಿಂದ ಅಳಿಸಿದ್ದೆ. ಎರಡಕ್ಕೂ ಇಂಗ್ಲಿಷಲ್ಲಿ ‘ಆರತಿ’ ಅಂತಲೇ ಹೆಸರಿಟ್ಟೆ. ಒಂದರ ಮೊದಲಕ್ಷರ ದೊಡ್ಡದು, ಇನ್ನೊಂದರದ್ದು ಚಿಕ್ಕದು. ಅವಳದ್ದು ಲಿನಕ್ಸ್, ತಕರಾರಿಲ್ಲದೆ ಎರಡನ್ನೂ ಇಟ್ಕೊಳ್ತು.

ಹೋದ ವರ್ಷ ವಿಜಯನಗರದ ತಂಗಿ ಹಾಡು ಬೇಕು ಅಂದ್ಲು. ಪೆನ್‌ಡ್ರೈವಿಗೆ ಕಟ್ ಮಾಡಿ ಪೇಸ್ಟ್ ಮಾಡ್ದೆ. ‘ಈ ಹೆಸರಿನ ಫೈಲ್ ಆಗ್ಲೇ ಇದೆ, ಬದಲಾಯಿಸಲಾ?’ ಅಂತ ಕೇಳ್ತು. ಕುಕ್ಕರ್ ಕೂಗ್ತಾ ಇತ್ತು, ಹೂಂ ಅಂತ ಒತ್ತಿಬಿಟ್ಟೆ. ತಂಗಿ ಮನೇಲಿ ಹಾಕಿದ್ರೆ ಲಕ್ಷ್ಮಿ ಒಬ್ಬಳೇ. ಗೌರಿ ಎಲ್ಲೂ ಇಲ್ಲ.

ಮಗಳು ಆಮೇಲೆ ಬಿಡಿಸಿ ಹೇಳಿದ್ಲು. ಲಿನಕ್ಸಿಗೆ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಹೆಸರು. ವಿಂಡೋಸ್, ಮ್ಯಾಕ್, ನಮ್ಮ ಪೆನ್‌ಡ್ರೈವು ಸಾಮಾನ್ಯವಾಗಿ ಎರಡನ್ನೂ ಒಂದೇ ಅನ್ನತ್ವೆ. ಲಿನಕ್ಸಲ್ಲಿ ಹೆಸರಿನೊಳಗೆ ‘10:30’ ಅಂತ ಬರೀಬಹುದು. ವಿಂಡೋಸ್ ಆ ಎರಡು ಚುಕ್ಕೆಯನ್ನೂ, ಪ್ರಶ್ನೆ ಚಿಹ್ನೆಯನ್ನೂ ಒಪ್ಪಲ್ಲ. ಕನ್ನಡದಲ್ಲಿ ಹೆಸರಿಟ್ರೂ ಒಂದು ತಮಾಷೆ ಇದೆ. ‘ಕೋಸಂಬರಿ’ಯ ‘ಕೋ’ದಲ್ಲಿರೋ ಸ್ವರಚಿಹ್ನೆನ ಒಂದೇ ತುಂಡಾಗಿ ಇಡಬಹುದು, ಬಿಡಿಸಿ ಮೂರು ತುಂಡಾಗೂ ಇಡಬಹುದು. ಹಳೇ ಮ್ಯಾಕ್ ಬಿಡಿಸಿಡ್ತಿತ್ತು. ನಮ್ಮ ಕಣ್ಣಿಗೆ ಒಂದೇ, ಲಿನಕ್ಸಿಗೆ ಎರಡು ಫೈಲು.

ದಾರಿದೂ ಇದೇ ಕಥೆ. ತಂಗಿ ಹಾಡಿನ ಪಟ್ಟಿ ಮಾಡಿ ಕಳಿಸಿದ್ಲು, ‘ಡಿ ಡ್ರೈವ್, ಅದರೊಳಗೆ ಹಾಡು’ ಅಂತ. ಮಗಳ ಲ್ಯಾಪ್‌ಟಾಪಲ್ಲಿ ಡಿ ಡ್ರೈವೇ ಇಲ್ಲ. ನಡುವಿನ ಗೀಟೂ ವಿಂಡೋಸಲ್ಲಿ ಒಂದು ಕಡೆ ವಾಲಿದ್ರೆ ಲಿನಕ್ಸಲ್ಲಿ ಇನ್ನೊಂದು ಕಡೆ. ‘5ನೇ ಕ್ರಾಸಿಗೆ ಬನ್ನಿ’ ಅಂದ್ರೆ ಯಾವ 5ನೇ ಕ್ರಾಸು? ರಾಜಾಜಿನಗರದಲ್ಲೂ ಇದೆ, ವಿಜಯನಗರದಲ್ಲೂ ಇದೆ. ಅದಕ್ಕೆ ಈಗ ಪಟ್ಟಿ, ಹಾಡು ಎಲ್ಲಾ ಒಂದೇ ಫೋಲ್ಡರಲ್ಲಿಟ್ಟು, ಪಟ್ಟಿಯಲ್ಲಿ ಬರೀ ಹಾಡಿನ ಹೆಸರು ಬರೀತೀವಿ. ‘ನಿನ್ನ ಪಕ್ಕದಲ್ಲೇ ಇದೆ’ ಅಂದ ಹಾಗೆ. ಆ ಫೋಲ್ಡರ್ ಯಾರ ಮನೆಗೆ ಹೋದ್ರೂ ಹಾಡತ್ತೆ.

ಹೆಸರಿಗೂ ನಮ್ಮನೆ ಕಟ್ಟುಪಾಡು ಬಂದಿದೆ. ಇಂಗ್ಲಿಷಲ್ಲಿ ಎಲ್ಲಾ ಚಿಕ್ಕಕ್ಷರ. ಖಾಲಿ ಜಾಗದ ಬದಲು ಅಡ್ಡಗೆರೆ. ತಾರೀಖು ‘2024-09-06’ ಅಂತ, ವರ್ಷ ಮೊದಲು, ಸಾಲಾಗಿ ನಿಲ್ಲತ್ವೆ. ಯಾರಿಗೆ, ಯಾರು ಹಾಡಿದ್ದು, ಎರಡೂ ಹೆಸರಲ್ಲೇ ಇರಬೇಕು. ಮುಖ್ಯವಾಗಿ, ಕಟ್ ಮಾಡಬಾರದು, ಕಾಪಿ ಮಾಡಬೇಕು. ಅಲ್ಲಿ ಕೇಳಿ ನೋಡಿದ ಮೇಲೇ ಇಲ್ಲಿ ಅಳಿಸೋದು.

ಗೌರಿಹಬ್ಬದ ಹಿಂದಿನ ರಾತ್ರಿ ನಾನು, ತಂಗಿ ಕೂತು ಆ ಹಾಡು ನೆನಪು ಮಾಡ್ಕೊಂಡ್ವಿ. ಅಮ್ಮ ಎಳೀತಿದ್ದ ಹಾಗೇ ಎಳೆದ್ವಿ. ಮೂರನೇ ನುಡಿ ಇಬ್ಬರಿಗೂ ಬರಲಿಲ್ಲ. ಬಂದಷ್ಟು ರೆಕಾರ್ಡ್ ಮಾಡಿ ‘ಗೌರಿ-ಆರತಿ-ಅಕ್ಕ-ತಂಗಿ’ ಅಂತ ಹೆಸರಿಟ್ವಿ.

ಚಿಕ್ಕಮ್ಮ, ಅತ್ತಿಗೆ, ಕೆಂಗೇರಿಯೋರು, ಬಸವೇಶ್ವರನಗರದೋರು, ಯಾರ ಹಳೇ ಫೋನಲ್ಲಾದ್ರೂ ಅಮ್ಮ ಹಾಡಿದ್ದು ಸಿಕ್ರೆ ಕಳಿಸ್ರೇ. ಹೆಸರು ಏನೇ ಇರಲಿ. ‘ಬದಲಾಯಿಸಲಾ?’ ಅಂತ ಕೇಳಿದ್ರೆ ಮಾತ್ರ ಬೇಡ ಅನ್ನಿ.